ರಂಗೋಲಿ ನಿಲ್ಲದ ರಸ್ತೆ

ಶಿವಮೊಗ್ಗದ ರಾಗಿಗುಡ್ಡದಲ್ಲಿ ನಮ್ಮ ಅಡ್ಡರಸ್ತೆಗೆ ಕಲ್ಲು ಹಾಸಿ ಮುಗಿದ ಮರುದಿನವೇ ಧನುರ್ಮಾಸ ಶುರುವಾಯಿತು. ಬೇರೆ ಯಾವ ತಿಂಗಳಲ್ಲಿ ಹಾಸಿದ್ದರೂ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲವೇನೋ. ಉಳಿದ ದಿನಗಳಲ್ಲಿ ನಮ್ಮ ಹೆಂಗಸರು ಬಾಗಿಲಿಗೆ ನಾಲ್ಕು ಎಳೆ ಎಳೆದು ಒಳಗೆ ಹೋಗಿಬಿಡುತ್ತಾರೆ. ಧನುರ್ಮಾಸದಲ್ಲಿ ಹಾಗಲ್ಲ. ಬೆಳಕು ಹರಿಯುವ ಮೊದಲೇ ಬೀದಿಯ ತುಂಬ ಸ್ವೆಟರು, ಮಫ್ಲರು, ಮೊಬೈಲ್ ಟಾರ್ಚು, ರಂಗೋಲಿ ಡಬ್ಬಿ. ಒಬ್ಬರು ನವಿಲು ಬಿಡಿಸಿದರೆ ಎದುರು ಮನೆಯವರು ಆನೆ ಬಿಡಿಸಲೇಬೇಕು.

ಹಾಸಿದ್ದು ಸಿಮೆಂಟಿನ ಕಲ್ಲಲ್ಲ. ಹಾಲಿನ ಕವರು, ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಚೀಟಿ, ಹೀಗೆ ನಾವೆಲ್ಲ ಎಸೆದದ್ದನ್ನು ತೊಳೆದು, ಒಣಗಿಸಿ, ಚೂರು ಮಾಡಿ, ಕರಗಿಸಿ, ಮರಳು ಬೆರೆಸಿ, ಅಚ್ಚಿಗೆ ಒತ್ತಿ ತೆಗೆದ ಆರು ಮೂಲೆಯ ಕಲ್ಲು. ಮಾಡಿದವಳು ನಮ್ಮ ಬೀದಿಯವಳೇ ಆದ ಕರಿಬಸಮ್ಮ. ಮಲವಗೊಪ್ಪದಲ್ಲಿ ಒಂದು ಶೆಡ್ಡು ಹಿಡಿದು ಸಂಘದ ಹೆಂಗಸರನ್ನು ಕಟ್ಟಿಕೊಂಡು ಈ ಕೆಲಸ ಶುರು ಮಾಡಿದ್ದಳು. ಅಚ್ಚು ಮಾಡಿಕೊಟ್ಟವನು ಅವಳ ಅಣ್ಣ ಮಂಜಪ್ಪ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎರಕದ ಕೆಲಸ ಮಾಡಿ ನಿವೃತ್ತನಾದವನು. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಮಲವಗೊಪ್ಪಕ್ಕೆ ಬಂದಿಳಿದು, ಅಚ್ಚಿನ ಒಳಮೈಯನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಎಣ್ಣೆ ಸವರಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಿಕ್ಕುವುದು ಅವನ ಪಾಲಿನ ಸಂಧ್ಯಾವಂದನೆ.

ಕಲ್ಲು ಹಾಸಲು ಒಪ್ಪಿಗೆ ಕೊಟ್ಟ ಪಾಲಿಕೆಯ ಎಂಜಿನಿಯರ್ ಗುರುಪ್ರಸಾದ್ ಮೊದಲೇ ಒಂದು ಮಾತು ಹೇಳಿದ್ದರು.

"ಇದು ಟ್ರಯಲ್ ಕರಿಬಸಮ್ಮ. ಮುಂದಿನ ಸೋಮವಾರ ಬರ್ತೀನಿ. ಬೀದಿಯವರು ಒಪ್ಪಿದ್ರೆ ಕಲ್ಲು ಉಳಿಯುತ್ತೆ, ಮುಂದಿನ ರಸ್ತೆಗಳಿಗೂ ನೋಡೋಣ. ಬೇಡ ಅಂದ್ರೆ ಕಿತ್ತು ಸಿಮೆಂಟಿಂದು ಹಾಕಿಸ್ತೀನಿ. ಆಮೇಲೆ ನನ್ನ ಹತ್ರ ಬಂದು ಅಳಬಾರದು."

"ಅಳೋದ್ಯಾಕೆ ಸಾರ್? ಒಪ್ದೆ ಏನ್ ಮಾಡ್ತಾರೆ?" ಎಂದು ಕರಿಬಸಮ್ಮ ನಕ್ಕಿದ್ದಳು. ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರು ತುಳಿದ ಬೀದಿ ಇದು. ಕಲ್ಲಂತೂ ಹಾಸಿದ ದಿನ ಥಳಥಳ ಹೊಳೆಯುತ್ತಿತ್ತು. ಕೂಸುಗಳನ್ನು ಎತ್ತಿಕೊಂಡು ಬಂದು ಅದರಲ್ಲಿ ಮುಖ ತೋರಿಸಿದರು.

ಮೊದಲ ದಿನ ಬೆಳಿಗ್ಗೆ ಮೊದಲು ಬಾಗಿಲು ತೆರೆದವರು ಸುಬ್ಬಲಕ್ಷ್ಮಿ ಟೀಚರ್. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಬೀದಿಯ ಮೇಲ್ತುದಿಯ ಮನೆಯವರು. ಅವರ ರಂಗೋಲಿ ನೋಡಲು ಪಕ್ಕದ ಬೀದಿಯಿಂದಲೂ ಜನ ಬರುತ್ತಾರೆ. ಸಗಣಿ ನೀರು ಚಿಮುಕಿಸಿದರು. ನೀರು ಕಲ್ಲಿನ ಮೇಲೆ ನಿಲ್ಲಲಿಲ್ಲ, ಮಣಿ ಮಣಿಯಾಗಿ ಉರುಳಿ ಹೋಯಿತು. ಇರಲಿ ಎಂದು ಚುಕ್ಕಿ ಇಟ್ಟರು. ಬಳ್ಳಿ ಎಳೆದರು. ಗುಡ್ಡದ ಕಡೆಯಿಂದ ಸಣ್ಣಗೆ ಒಂದು ಗಾಳಿ ಬೀಸಿತು ನೋಡಿ, ಬಳ್ಳಿ ಅಲ್ಲಿಂದ ಎದ್ದು ಹೊರಟಿತು.

"ಏನೇ ಇದು ಕರಿಬಸಮ್ಮ! ನಾನು ಎಳೆದ ಎಳೆ ನನ್ನನ್ನೇ ಬಿಟ್ಟು ಓಡಿಹೋಗ್ತಾ ಇದೆಯಲ್ಲೇ!"

ಅವರದೊಂದೇ ಅಲ್ಲ. ಎದುರು ಸಾಲಿನ ಯೋಗರಾಜನ ಮನೆಯ ಆನೆ, ಅದರ ಪಕ್ಕದ ಮನೆಯ ಕಮಲ, ಎಲ್ಲವೂ ನುಣ್ಣನೆಯ ಕಲ್ಲಿನ ಮೇಲೆ ಜಾರುತ್ತ, ಒಂದರೊಳಗೊಂದು ಬೆರೆಯುತ್ತ ಇಳಿಜಾರಿನಲ್ಲಿ ಸಾಗಿದವು. ಹೊತ್ತು ಏರುವಷ್ಟರಲ್ಲಿ ಬೀದಿಯ ಅಷ್ಟೂ ರಂಗೋಲಿ, ಬಿಳಿ, ಕೆಂಪು, ಹಸಿರು, ಕೆಳತುದಿಯ ಶೇಷಪ್ಪನ ಗೇಟಿನ ಮುಂದೆ ಗುಡ್ಡೆ ಬಿದ್ದಿತ್ತು.

ಶೇಷಪ್ಪ ಬಸ್ ಓಡಿಸಿ ನಿವೃತ್ತನಾದ ಬ್ರಹ್ಮಚಾರಿ. ಆ ಮನೆ ಕಟ್ಟಿದಾಗಿನಿಂದ ಅದರ ಬಾಗಿಲು ರಂಗೋಲಿ ಕಂಡದ್ದಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದ.

"ಯಾರ್ರೀ ಅದು, ಡಿಸೆಂಬರಲ್ಲಿ ನನ್ನ ಮನೆ ಮುಂದೆ ಹೋಳಿ ಆಡಿದ್ದು?"

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅದೇ ದಿನ ಮಧ್ಯಾಹ್ನ ಶೇಷಪ್ಪನ ನಲ್ಲಿಯಲ್ಲಿ ನೀರು ಬಂತು. ಪೈಪಿನ ಕೊನೆಯ ಮನೆ ಅದು. ಅಲ್ಲಿಯವರೆಗೆ ನೀರು ತಲುಪಿದ ನೆನಪೇ ಯಾರಿಗೂ ಇರಲಿಲ್ಲ. ನೀರು ಬಿಡುವವನು ವಾಲ್ವ್ ಸ್ವಲ್ಪ ಹೆಚ್ಚು ತಿರುಗಿಸಿರಬಹುದು. ಆದರೆ ನಮ್ಮ ಹೆಂಗಸರು ಅದನ್ನು ನಂಬಬೇಕಲ್ಲ!

"ಇಡೀ ಬೀದಿಯ ಲಕ್ಷ್ಮಿ ಜಾರ್ಕೊಂಡ್ ಹೋಗಿ ಶೇಷಪ್ಪನ ಮನೇಲಿ ಕೂತಿದ್ದಾಳೆ!" ಎಂದು ಯೋಗರಾಜನ ತಾಯಿ ತೀರ್ಪು ಕೊಟ್ಟರು. ಎರಡನೇ ದಿನ ಶೇಷಪ್ಪನಿಗೆ ಮದುವೆ ಸಂಬಂಧವೊಂದನ್ನು ಯಾರೋ ವಿಚಾರಿಸಿಕೊಂಡು ಬಂದರು. ಅರವತ್ತು ದಾಟಿದ ಮೇಲೆ! ಬೀದಿಯವರಿಗೆ ಇನ್ನೇನು ಸಾಕ್ಷಿ ಬೇಕು?

ಶೇಷಪ್ಪ ಮಾತ್ರ ಕಲ್ಲಿನ ಪರ ನಿಂತ. "ಕಲ್ಲಿಗೆ ಯಾರಾದ್ರೂ ಕೈ ಹಚ್ಚಿದ್ರೆ ನೋಡಿ. ಇಂಥಾ ರಸ್ತೆ ಶಿವಮೊಗ್ಗದಲ್ಲೇ ಇಲ್ಲ."

"ನಿಮಗೇನ್ರೀ ಕಷ್ಟ," ಎಂದರು ಟೀಚರ್. "ಸೊಂಟ ಬಗ್ಗಿಸೋರು ನಾವು, ಪುಣ್ಯ ನಿಮ್ಮ ಗೇಟಿಗೆ ಹೋಮ್ ಡೆಲಿವರಿ."

ಉಪಾಯಗಳನ್ನೂ ಮಾಡಿ ನೋಡಿದೆವು. ಒಬ್ಬರು ರಂಗೋಲಿಗೆ ಗೋಂದು ಬೆರೆಸಿದರು. ಅದು ಕಲ್ಲಿಗೆ ಅಂಟಲಿಲ್ಲ, ಬೆರಳಿಗೆ ಅಂಟಿತು. ಯೋಗರಾಜನ ತಾಯಿ ಅಕ್ಕಿಹಿಟ್ಟನ್ನು ಗಟ್ಟಿಯಾಗಿ ಕಲಸಿ ಆನೆ ಬಿಡಿಸಿದರು. ಬೀದಿ ನಾಯಿ ಬಂದು ಸೊಂಡಿಲು ನೆಕ್ಕಿಕೊಂಡು ಹೋಯಿತು. ಸೊಂಡಿಲಿಲ್ಲದ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಯಾರೋ ಅಂದದ್ದಕ್ಕೆ ಆಕೆ ಎರಡು ದಿನ ಬಾಗಿಲಿಗೆ ಬರಲಿಲ್ಲ.

ಕೊನೆಗೆ ಶುಕ್ರವಾರ ಸಂಜೆ ಟೀಚರ್ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಸೋಮವಾರ ಎಂಜಿನಿಯರ್ ಬಂದಾಗ 'ಬೇಡ' ಎನ್ನುವುದು ಎಂದು ತೀರ್ಮಾನವಾಯಿತು. ಕರಿಬಸಮ್ಮ ಮೂಲೆಯಲ್ಲಿ ಕೂತು ಎಲ್ಲ ಕೇಳಿದಳು. ಬೀದಿಯವರು ಎದ್ದು ಹೋದ ಮೇಲೂ ಅವಳು ಏಳಲಿಲ್ಲ.

"ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ ಕರಿಬಸಮ್ಮ," ಎಂದರು ಟೀಚರ್. "ನೀನು ಮಾಡಿದ್ದು ಒಳ್ಳೆ ಕೆಲಸವೇ. ಆದರೆ ಬಾಗಿಲಲ್ಲಿ ಒಂದು ಎಳೆ ನಿಲ್ಲಲ್ಲ ಅಂದ್ರೆ ಅದು ಮನೆ ಬಾಗಿಲು ಹೇಗಾಗುತ್ತೆ ಹೇಳು."

"ಸಿಟ್ಟಿಲ್ಲ ಟೀಚರೇ. ನಾನೂ ಹೆಂಗಸೇ ಅಲ್ವಾ, ಗೊತ್ತಾಗಲ್ವಾ?" ಎಂದಳು ಕರಿಬಸಮ್ಮ. "ನಮ್ಮಣ್ಣಂಗೆ ಗೊತ್ತಾಗಲ್ಲ. ದಿನಾ ಹೇಳ್ತಿದೀನಿ, ಅಚ್ಚು ಅಷ್ಟು ನುಣ್ಣಗೆ ತಿಕ್ಕಬೇಡ ಅಂತ. ಕೇಳಿ ಇಲ್ಲಿ." ಎಂದವಳೇ ಫೋನ್ ಹಚ್ಚಿ, ಟೀಚರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಅಣ್ಣಾ, ಕಲ್ಲು ಜಾರುತ್ತೆ ಅಂತ ಎಲ್ಲಾ ಕೀಳಿಸ್ತಾರಂತೆ."

"ಜಾರುತ್ತಾ?" ಅತ್ತಲಿಂದ ಮಂಜಪ್ಪನ ದನಿ ಹಿಗ್ಗಿನಿಂದ ಉಬ್ಬಿತು. "ಅಷ್ಟು ನುಣ್ಣಗೆ ಬಂದಿದೆಯಾ?"

"ಅಯ್ಯೋ ಮಾರಾಯ, ಹೊಗಳ್ತಾ ಇಲ್ಲ, ಬೈತಿದಾರೆ!"

"ಯಾರು ಬೈಯೋರು? ಫಿನಿಶಿಂಗ್ ಅಂದ್ರೆ ಏನು ಅಂತ ಗೊತ್ತಾ ಅವ್ರಿಗೆ? ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು ಕಣೇ ಅದ್ರಲ್ಲಿ. ಫೋನ್ ಇಡು, ಊಟಕ್ಕೆ ಕೂತಿದೀನಿ."

ಕರಿಬಸಮ್ಮ ಫೋನ್ ಸೆರಗಿನಲ್ಲಿ ಒರೆಸಿ ಇಟ್ಟುಕೊಂಡಳು. "ನೋಡಿದ್ರಲ್ಲ. ನನ್ನ ಮಾತು ಅವನ ಕಿವಿಗೆ ಹೋಗಲ್ಲ. ಟೀಚರೇ, ನಾಳೆ ನನ್ನ ಜೊತೆ ಭದ್ರಾವತಿಗೆ ಬಂದು ನೀವೇ ಒಂಚೂರು ಬೈತೀರಾ?"

ಟೀಚರ್ ಸೆರಗು ಬಿಗಿದರು. "ರಾಜಿ ಮಾಡೋಕೆ ಅಂದ್ರೆ ಬರಲ್ಲ. ಬೈಯೋಕೆ ಅಂದ್ರೆ ಬರ್ತೀನಿ. ನಿವೃತ್ತಿ ಆದ್ಮೇಲೆ ಸರಿಯಾಗಿ ಯಾರನ್ನೂ ಬೈದಿಲ್ಲ."

ಭದ್ರಾವತಿಯಲ್ಲಿ ಆದದ್ದನ್ನು ನಾವು ಕಣ್ಣಾರೆ ಕಂಡಿಲ್ಲ. ಕರಿಬಸಮ್ಮ ಹೇಳಿದ್ದಕ್ಕೆ ಟೀಚರ್ ಹೇಳಿದ್ದನ್ನು ಸೇರಿಸಿ, ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಂಡದ್ದನ್ನು ಕಳೆದರೆ, ಹೀಗೆ ಆಗಿದೆ.

ಶನಿವಾರ ಬೆಳಿಗ್ಗೆ, ಮಂಜಪ್ಪ ಶೆಡ್ಡಿಗೆ ಹೊರಡುವ ಮೊದಲೇ ಹಿಡಿಯಬೇಕೆಂದು, ಇಬ್ಬರೂ ಮೊದಲ ಬಸ್ಸು ಹತ್ತಿ ನ್ಯೂಟೌನಿನಲ್ಲಿ ಮಂಜಪ್ಪನ ಮನೆ ಮುಟ್ಟಿದರು. ಬಾಗಿಲಲ್ಲಿ ಚೆಂದದ ರಂಗೋಲಿ ಇತ್ತು. ಟೀಚರ್ ಸಿಟ್ಟಿನಲ್ಲಿದ್ದರೂ ಅದನ್ನು ತುಳಿಯದೆ ದಾಟಿದರು, ದಾಟುತ್ತಲೇ 'ಬಳ್ಳಿ ಸ್ವಲ್ಪ ಸೊಟ್ಟ, ಕೈ ಮಾತ್ರ ಒಳ್ಳೇದು' ಎಂದು ಮನಸ್ಸಿನಲ್ಲೇ ಮಾರ್ಕ್ಸ್ ಕೊಟ್ಟರು. ಮಂಜಪ್ಪ ಬನಿಯನ್ನಿನಲ್ಲಿ ಕೂತಿದ್ದವನು ಗಡಬಡಿಸಿ ಎದ್ದು ಶರಟು ತೊಟ್ಟ.

"ಬನ್ನಿ ಮೇಡಮ್, ಕೂತ್ಕೊಳ್ಳಿ. ಇಂಪನಾ, ಕಾಫಿ ತಾರಮ್ಮಾ."

ಒಳಗಿನಿಂದ ಸೊಸೆ ಇಂಪನಾ ಕಾಫಿ ತರುವಷ್ಟರಲ್ಲಿ ಟೀಚರ್ ಪಾಠ ಶುರು ಮಾಡಿಯಾಗಿತ್ತು.

"ನೋಡಪ್ಪ ಮಂಜಪ್ಪ, ರಸ್ತೆ ಇರೋದು ನಡೆಯೋಕೆ, ರಂಗೋಲಿ ಹಾಕೋಕೆ. ನೀನು ಮಾಡಿರೋದು ಜಾರುಬಂಡೆ."

"ಮೇಡಮ್, ನಾನು ಎರಕದ ಕೆಲಸಕ್ಕೆ ಸೇರಿದಾಗ ನಮ್ಮ ಮೇಸ್ತ್ರಿ ತಮಿಳ್ನೋರು. ನಾನು ತೆಗೆದ ಮೊದಲನೇ ಮಾಲಿನ ಮೇಲೆ ಬೆರಳಾಡಿಸಿ, 'ಎನ್ನಡಾ ಇದು, ಹಲಸಿನ ಹಣ್ಣಾ?' ಅಂದ್ರು. ಎಲ್ಲರ ಮುಂದೆ. ಅವತ್ತಿಂದ ನನ್ನ ಕೈಯಿಂದ ದೊರಗು ಮಾಲು ಆಚೆ ಹೋಗಿಲ್ಲ. ಈಗ ಬೇಕು ಬೇಕಂತ ದೊರಗು ಮಾಡು ಅಂದ್ರೆ ಹೆಂಗೆ?"

"ನಾನು ಎಳೆದ ಬಳ್ಳಿ ಶೇಷಪ್ಪನ ಮನೆ ಸೇರಿದ್ರೆ ನನಗೆ ಹೆಂಗೆ?"

"ಈಗ ಅಂಟಿಸೋದು ಬರುತ್ತಲ್ಲ ಮೇಡಮ್, ಸ್ಟಿಕರ್ ರಂಗೋಲಿ," ಎಂದ ಮಂಜಪ್ಪ, ಬಹಳ ಒಳ್ಳೆಯ ಸಲಹೆ ಕೊಟ್ಟವನ ಹಾಗೆ. "ಒಂದು ಸಲ ಅಂಟಿಸಿದ್ರೆ ಸಂಕ್ರಾಂತಿವರೆಗೂ ಚಿಂತೆ ಇಲ್ಲ."

ಕರಿಬಸಮ್ಮ ಹಣೆ ಹಿಡಿದುಕೊಂಡಳು. ಟೀಚರ್ ಕುಡಿಯುತ್ತಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಸ್ಟಿಕರ್," ಎಂದರು. "ನಡಿ ಕರಿಬಸಮ್ಮ. ಸೋಮವಾರ ಕಲ್ಲು ಕೀಳಿಸೋದೇ ಸರಿ."

ಎದ್ದು ಹೊರಗೆ ಬಂದು ಚಪ್ಪಲಿ ಹುಡುಕಲು ತಲೆ ತಗ್ಗಿಸಿದರು. ಹಾಗೇ ನಿಂತುಬಿಟ್ಟರು. ರಂಗೋಲಿಯ ಒಂದು ಅಂಚಿನಲ್ಲಿ ಕಲ್ಲಿನ ಮೂಲೆಗಳು ಕಾಣುತ್ತಿದ್ದವು. ಆರು ಮೂಲೆ. ಕಾಲಿನ ಹೆಬ್ಬೆರಳಿನಿಂದ ಎಳೆಯನ್ನು ಸ್ವಲ್ಪ ತಳ್ಳಿ ನೋಡಿದರು. ಎಳೆ ಕದಲಲಿಲ್ಲ. ಬಗ್ಗಿ ಊದಿದರು. ಆಗಲೂ ಕದಲಲಿಲ್ಲ.

"ಈ ರಂಗೋಲಿ ಯಾರು ಹಾಕಿದ್ದು?"

"ನಾನೇ ಆಂಟಿ," ಎಂದಳು ಇಂಪನಾ.

"ಇದು ಅದೇ ಕಲ್ಲಲ್ವಾ?"

"ಹೂಂ ಮೇಡಮ್," ಎಂದ ಮಂಜಪ್ಪ ಒಳಗಿನಿಂದಲೇ. "ಮೊದಲನೇ ಮಾಲು. ನಾನೇ ತಂದು ನನ್ನ ಕೈಯಾರೆ ಕೂರಿಸಿದ್ದು. ಅದರ ಮೇಲೆ ಇವಳು ದಿನಾ ಹಾಕ್ತಾಳೆ, ನಿಲ್ಲುತ್ತಲ್ಲ? ಹಾಕೋ ಕೈಲಿ ಇರಬೇಕು ಅದು."

ಸುಬ್ಬಲಕ್ಷ್ಮಿ ಟೀಚರಿಗೆ, ಹಾಕುವ ಕೈಯ ಬಗ್ಗೆ, ಈ ಮಾತು! ಅವರು ತಿರುಗಿ ನಿಂತರು. ಅವರ ಮುಖ ನೋಡಿ ಇಂಪನಾಗೆ ಇನ್ನು ಸುಮ್ಮನಿದ್ದರೆ ಮನೆಯಲ್ಲಿ ಕೊಲೆಯೇ ಆಗುತ್ತದೆ ಅನ್ನಿಸಿತಂತೆ.

"ಮಾವ, ಬೈಬೇಡಿ. ಅದು... ಮಗುಚಿ ಹಾಕಿದೆ."

"ಏನು?"

"ನೀವು ತಂದು ಹಾಕಿದ ದಿನಾನೇ ಅತ್ತೆ ಜಾರಿದ್ರು. ಅದಕ್ಕೇ ನಾನೂ ಅತ್ತೆನೂ ಸೇರಿ ಅಡಿಮೇಲು ಮಾಡಿ ಕೂರಿಸಿದ್ವಿ. ನೀವು ಸ್ನಾನಕ್ಕೆ ಹೋದಾಗ."

ಅಡುಗೆಮನೆಯಿಂದ ಒಂದು ದನಿ ಬಂತು. "ಹೇಳ್ಬೇಡ ಅಂದಿರ್ಲಿಲ್ವೇನೇ ನಿಂಗೆ!"

ಮಂಜಪ್ಪ ಹೊರಗೆ ಬಂದು ಕುಕ್ಕರಗಾಲಲ್ಲಿ ಕೂತ. ತಿಂಗಳುಗಟ್ಟಲೆ ಆ ಕಲ್ಲನ್ನು ದಾಟಿ ಓಡಾಡಿದ್ದಾನೆ. ದಿನಾ ರಂಗೋಲಿ ಮುಚ್ಚಿಕೊಂಡಿದ್ದರಿಂದ ಕೆಳಗೆ ಯಾವ ಮೈ ಇದೆ ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಕರಗಿದ ಮಾಲನ್ನು ಅಚ್ಚಿಗೆ ತುಂಬಿ ಮೇಲೆ ಕರಣೆಯಲ್ಲಿ ಗೀರಿ ಮಟ್ಟ ಮಾಡುತ್ತಾರಲ್ಲ, ಆ ಮೈ ಅದು. ಮರಳು ಕೈಗೆ ಚುಚ್ಚುತ್ತದೆ, ಸರಿಯಾಗಿ ಕರಗದ ಕವರಿನ ಚೂರು ಅಲ್ಲಲ್ಲಿ ಇಣುಕುತ್ತದೆ. ನೆಲದ ಕಡೆಗೆ ಮುಚ್ಚಿ ಹೋಗುತ್ತದೆ ಎಂದು ಅದನ್ನು ಹೇಗೆ ಬೇಕೋ ಹಾಗೆ ಬಿಟ್ಟಿದ್ದ.

"ಮುಗೀತಲ್ಲ!" ಕರಿಬಸಮ್ಮ ಚಪ್ಪಾಳೆ ಹೊಡೆದಳು. "ಬೀದಿ ಪೂರ್ತಿ ಮಗುಚಿ ಹಾಕೋಣ. ನಾಳೆ ಭಾನುವಾರ. ಎಲ್ಲರೂ ಮನೇಲಿರ್ತಾರೆ."

"ಆಗಲ್ಲ."

"ಯಾಕಣ್ಣಾ?"

"ಬೆನ್ನು ತೋರ್ಸ್ಕೊಂಡು ಹಾಸೋದಾ? ಅಂಗಿ ತಿರುವಿ ಹಾಕ್ಕೊಂಡು ಮದುವೆ ಮನೆಗೆ ಹೋದಂಗೆ ಆಗುತ್ತೆ. ನೋಡಿದೋರು ಮಂಜಪ್ಪಂಗೆ ಕೆಲಸ ಬರಲ್ಲ ಅಂತಾರೆ."

ಆಗ ಕರಿಬಸಮ್ಮನ ದನಿ ಏರಿತಂತೆ. ಅವಳು ಅಣ್ಣನ ಮುಂದೆ ದನಿ ಏರಿಸುವವಳಲ್ಲ. "ನಿಂಗೆ ನೋಡಿದೋರ ಚಿಂತೆ. ಸೋಮವಾರ ಆ ಕಲ್ಲನ್ನ ಕಿತ್ತು ಲಾರಿಗೆ ಎಸೀತಾರಲ್ಲ, ಅದನ್ನ ಬಾಗಿಲಲ್ಲಿ ನಿಂತ್ಕೊಂಡು ನೋಡ್ಬೇಕಾದೋಳು ನಾನು. ಆ ಬೀದೀಲಿ ಮನೆಮನೆಗೆ ಹೋಗಿ ಕವರ್ ಕೇಳಿದೋಳು ನಾನು. ಮೂಗು ಮುಚ್ಕೊಂಡು ಕೊಟ್ಟೋರಿದಾರೆ, ಬಾಗಿಲು ಹಾಕ್ಕೊಂಡೋರಿದಾರೆ. ಇವತ್ತು ಅವರೆಲ್ಲ ಅದರ ಮೇಲೆ ನಡೀತಿದಾರೆ ಅಣ್ಣ. ಒಂದು ವಾರ ನಡೆದ್ರು, ಸಾಕು ಅಂತೀಯಾ?"

ಟೀಚರ್ ಸೀರೆಯ ಅಂಚು ಸರಿಮಾಡಿಕೊಂಡರು. ಬಾಗಿಲು ಹಾಕಿಕೊಂಡವರಲ್ಲಿ ಅವರೂ ಒಬ್ಬರು.

ಮಂಜಪ್ಪ ಕಲ್ಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದ. "ಬರ್ತೀನಿ," ಎಂದ. "ಆದ್ರೆ ಹಾರೆ ಮುಟ್ಟಲ್ಲ. ಆ ಪಾಪ ನೀವೇ ಮಾಡ್ಕೊಳ್ಳಿ."

ಶನಿವಾರ ಸಂಜೆಯೇ ಟೀಚರ್ ಮನೆಮನೆಗೆ ಹೋಗಿ ಬೀದಿಯವರನ್ನು ಒಪ್ಪಿಸಿದ್ದರು. ಭಾನುವಾರ ತಿಂಡಿ ಮುಗಿಸಿ ಕೆಲಸ ಶುರುವಾಯಿತು. ಕಲ್ಲನ್ನು ಮರಳಿನ ಮೇಲೆ ಸುಮ್ಮನೆ ಕೂರಿಸಿದ್ದರಿಂದ ಏಳುವುದು ಕಷ್ಟವಿರಲಿಲ್ಲ. ಯೋಗರಾಜ ಮೊದಲ ಕಲ್ಲಿಗೇ ಹಾರೆ ಹಾಕಿ ಅದರ ಮೂಲೆ ಮುರಿದುಬಿಟ್ಟ. ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಮಂಜಪ್ಪ ಹಾರಿ ಇಳಿದ.

"ಏಯ್, ಏನ್ ಬಾವಿ ತೋಡ್ತಿದೀಯೇನಪ್ಪಾ? ಕೊಡಿಲ್ಲಿ!"

ಅಲ್ಲಿಂದ ಸಂಜೆಯವರೆಗೆ ಹಾರೆ ಅವನ ಕೈಯಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಯಾರೂ ಎಣಿಸದ ತೊಂದರೆಯೊಂದು ಎದ್ದಿತು. ಕಲ್ಲಿನ ಬೆನ್ನಲ್ಲಿ ಕರಗದ ಚೂರುಗಳಿದ್ದವಲ್ಲ, ಅವನ್ನು ಓದಬಹುದಾಗಿತ್ತು. ಸುಬ್ಬಲಕ್ಷ್ಮಿ ಟೀಚರ್ ಬಾಗಿಲ ಎದುರಿಗೇ, ನಟ್ಟನಡುವೆ, 'ಚಿಕನ್ ಮಸಾಲ' ಎಂಬ ಕೆಂಪಕ್ಷರ, ಪಕ್ಕದಲ್ಲಿ ಕೋಳಿಯ ಅರ್ಧ ಚಿತ್ರ.

"ರಾಮ ರಾಮ! ಇದರ ಮೇಲೆ ನಾನು ಪದ್ಮ ಬಿಡಿಸ್ಲಾ?"

"ಕೋಳಿ ಸುತ್ತ ಬಿಡಿಸಿ ಟೀಚರೇ, ಅದೂ ಒಂದು ಪಕ್ಷೀನೇ," ಎಂದ ಶೇಷಪ್ಪ.

ಆಮೇಲೆ ನೋಡಿ, ಸಂತೆ! ಯೋಗರಾಜನ ಮನೆ ಮುಂದೆ ಅಗರಬತ್ತಿ ಪ್ಯಾಕೆಟ್ಟಿನ ಕಲ್ಲು ಬಂದಿತ್ತು. ಅವನು ಖುಷಿಯಿಂದಲೇ ಅದನ್ನು ಕೊಟ್ಟು ಕೋಳಿಯನ್ನು ತೆಗೆದುಕೊಂಡ. ಗುಟ್ಕಾ ಚೀಟಿ ಬಂದ ಮನೆಯವರು "ನಮ್ಮನೇಲಿ ಯಾರೂ ತಿನ್ನಲ್ಲ" ಎಂದು ಕೂಗಾಡಿದರು. ಅದು ಅವರ ಮನೆಯ ಬುಟ್ಟಿಯಿಂದಲೇ ಬಂದದ್ದು ಎಂದು ಕರಿಬಸಮ್ಮನಿಗೆ ಗೊತ್ತಿತ್ತು. ಅವಳು ಸುಮ್ಮನೆ ಹಾಲಿನ ಕವರಿನ ಕಲ್ಲೊಂದನ್ನು ತಂದುಕೊಟ್ಟಳು. "ಎರಡು ಬಿಸ್ಕೆಟ್ ಕೊಡ್ತೀನಿ, ಒಂದು ತುಪ್ಪ ಕೊಡಿ" ಎಂಬ ವ್ಯಾಪಾರ ಕತ್ತಲಾಗುವವರೆಗೂ ನಡೆಯಿತು. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಎಂಬುದು ಬೀದಿಗೆ ಅಷ್ಟು ವಿವರವಾಗಿ ಹಿಂದೆಂದೂ ತಿಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಗುರುಪ್ರಸಾದ್ ಬಂದಾಗ ಅವರಿಗೆ ಕಾಲಿಡಲು ಜಾಗ ಸಿಗಲಿಲ್ಲ. ಒಂದು ವಾರ ತಡೆದುಕೊಂಡಿದ್ದ ಹೆಂಗಸರು ಈ ತುದಿಯಿಂದ ಆ ತುದಿಯವರೆಗೆ ರಂಗೋಲಿ ತುಂಬಿಸಿಬಿಟ್ಟಿದ್ದರು. ಬೈಕನ್ನು ಬೀದಿಯ ಬಾಯಲ್ಲೇ ನಿಲ್ಲಿಸಿ, ಚರಂಡಿಯ ಅಂಚಿನ ಮೇಲೆ ಕೈಗಳನ್ನು ಅಗಲಿಸಿ ನಡೆದು ಬಂದರು.

"ಯಾರ್ದಾದ್ರೂ ದೂರಿದೆಯಾ?"

"ನಂದಿದೆ ಸಾರ್," ಎಂದ ಶೇಷಪ್ಪ. "ನನ್ನ ಗೇಟಿಗೆ ರಂಗೋಲಿ ಬರ್ತಾ ಇಲ್ಲ."

ಗುರುಪ್ರಸಾದ್ ಅವನನ್ನೇ ನೋಡಿದರು. ಈ ದೂರನ್ನು ಯಾವ ವಿಭಾಗಕ್ಕೆ ಕಳಿಸಬೇಕೋ ಅವರಿಗೆ ಹೊಳೆದಂತಿರಲಿಲ್ಲ.

"ಬಾಯ್ ಮುಚ್ಕೊಳ್ರೀ ಶೇಷಪ್ಪ, ನಾಳೆಯಿಂದ ನಿಮ್ಮ ಬಾಗಿಲಿಗೂ ನಾನೇ ಹಾಕ್ತೀನಿ," ಎಂದು ಟೀಚರ್ ಗದರಿ ಎಂಜಿನಿಯರ್ ಕಡೆ ತಿರುಗಿದರು. "ದೂರು ಗೀರು ಏನಿಲ್ಲ. ಕಲ್ಲು ಇರಲಿ."

"ಸಾರ್," ಎಂದು ಮಂಜಪ್ಪ ಮುಂದೆ ಬಂದ. "ಒಂದು ಮಾತು. ನೀವು ನೋಡ್ತಿರೋದು ಇದರ ಬೆನ್ನು. ಇದರ ನಿಜವಾದ ಮುಖ ಕೆಳಗಿದೆ. ಬೇಕಾದ್ರೆ ಒಂದು ಎತ್ತಿ ತೋರಿಸ್ತೀನಿ..."

"ಅಣ್ಣಾ!" ಎಂದಳು ಕರಿಬಸಮ್ಮ.

"ಬೆನ್ನೇ ಚೆನ್ನಾಗಿದೆ ಬಿಡಿ," ಎಂದು ಗುರುಪ್ರಸಾದ್ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು. "ಮಳೇಲಿ ಗಾಡಿ ಜಾರಲ್ಲ. ಮೇಲಿನ ಅಡ್ಡರಸ್ತೆಗೂ ಇದನ್ನೇ ಹಾಕೋಣ. ಇದೇ ಥರ, ಹಿಂಗೇ ಮಗುಚಿ." ಹೇಳಿ ಮತ್ತೆ ಕೈಗಳನ್ನು ಅಗಲಿಸಿಕೊಂಡು ಚರಂಡಿಯ ಅಂಚು ಹತ್ತಿದರು.

ಬೈಕಿನ ಸದ್ದು ಮರೆಯಾದ ಮೇಲೆ ಕರಿಬಸಮ್ಮ ಶೆಡ್ಡಿಗೆ ಹೊರಡಲಿಲ್ಲ. ಒಂದು ಲೋಟ ಚಹಾ ಹಿಡಿದು ತನ್ನ ಮನೆಯ ಹೊಸ್ತಿಲ ಮೇಲೆ ಕೂತಳು. ಪಕ್ಕದಲ್ಲಿ ಅಣ್ಣ ಕೂತ. ಟ್ಯೂಷನ್ನಿಗೆ ಹೋಗುವ ಹುಡುಗಿಯರು ಹೋದರು. ಗ್ಯಾಸಿನವನು ಸಿಲಿಂಡರ್ ಉರುಳಿಸಿಕೊಂಡು ಹೋದ. ಆಮೇಲೆ ಸೊಪ್ಪಿನ ಗಾಡಿಯವನು ಬಂದ, ಯಾವ ಊರಿನವನೋ, ಹೊಸಬ. ಕರಿಬಸಮ್ಮ ಕೂಗಿ ನಿಲ್ಲಿಸಿದಳು.

"ಏನಪ್ಪಾ, ಹೆಂಗಿದೆ ರಸ್ತೆ?"

ಅವನು ಗಾಡಿ ನಿಲ್ಲಿಸಿ ಹಿಂದೆ ನೋಡಿದ, ಮುಂದೆ ನೋಡಿದ. ಏನಾದರೂ ಬೀಳಿಸಿಬಿಟ್ಟೆನೇ ಎಂದು ಗಾಡಿಯ ಕೆಳಗೂ ನೋಡಿದ.

"ರಸ್ತೆ ರಸ್ತೆ ಥರಾನೇ ಇದೆಯಲ್ಲಮ್ಮಾ. ಯಾಕೆ?"

"ಅಷ್ಟೇನಾ!" ಎಂದು ಮಂಜಪ್ಪ ಎದ್ದೇಬಿಟ್ಟ. ಕರಿಬಸಮ್ಮ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದಳು. ನಗು ತಡೆಯಲಾಗದೆ ಚಹಾ ಸೀರೆಯ ಮೇಲೆ ಚೆಲ್ಲಿಕೊಂಡಳು.

"ಏನಿಲ್ಲಪ್ಪಾ," ಎಂದಳು, "ಎರಡು ಕಟ್ಟು ದಂಟು ಕೊಡು."